ನೆಲದಡಿಯಿಂದ ಮನೆಯೊಳಕ್ಕೆ: ರೇಡಾನ್ ಅನಿಲ



1984ರ ಡಿಸೆಂಬರ್ ತಿಂಗಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಿಮೆರಿಕ್ ಎಂಬಲ್ಲಿ ಹೊಸ ಅಣು ವಿದ್ಯುತ್ ಸ್ಥಾವರವೊಂದು ಸಿದ್ಧವಾಗುತ್ತಿತ್ತು. ವಿದ್ಯುತ್ ಉತ್ಪಾದನೆ ಇನ್ನೂ ಶುರುವಾಗಿರಲಿಲ್ಲ. ಆದರೂ ನಿಯಮದಂತೆ ವಿಕಿರಣವನ್ನು ಪತ್ತೆ ಹಚ್ಚುವ ಯಂತ್ರಗಳನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ಕೆಲಸ ಮುಗಿಸಿ ಹೊರಡುವವರ ಮೈಮೇಲೋ ಬಟ್ಟೆಯ ಮೇಲೋ ವಿಕಿರಣಶೀಲ ಧೂಳು ಅಂಟಿದ್ದರೆ ಯಂತ್ರ ಕೂಗಿಕೊಳ್ಳಬೇಕು. ಅಲ್ಲಿ ಕೆಲಸಕ್ಕಿದ್ದ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಹಾದುಹೋದಾಗಲೆಲ್ಲ ಅದು ಕೂಗತೊಡಗಿತು. ಅವರು ಕೆಲಸ ಮಾಡುತ್ತಿದ್ದ ಜಾಗವನ್ನೆಲ್ಲ ಹುಡುಕಿದರೂ ಕಾರಣ ಸಿಗಲಿಲ್ಲ. ಕೊನೆಗೊಂದು ದಿನ ವಾಟ್ರಸ್ ಬೆಳಿಗ್ಗೆ ಸ್ಥಾವರಕ್ಕೆ ಕಾಲಿಟ್ಟವರೇ ಕೆಲಸಕ್ಕೆ ಹೋಗದೆ ನೇರವಾಗಿ ಯಂತ್ರದ ಮುಂದೆ ನಿಂತರು. ಆಗಲೂ ಅದು ಕೂಗಿತು. ಅಂದರೆ ವಿಕಿರಣ ಸ್ಥಾವರದಲ್ಲಿ ಅಂಟಿದ್ದಲ್ಲ. ಅವರು ಅದನ್ನು ಮನೆಯಿಂದಲೇ ಹೊತ್ತು ತರುತ್ತಿದ್ದರು.

ಮನೆಗೆ ಹೋಗಿ ಗಾಳಿಯನ್ನು ಅಳೆದವರು ದಂಗಾದರು. ಅಲ್ಲಿ ತುಂಬಿದ್ದುದು ರೇಡಾನ್ ಎಂಬ ವಿಕಿರಣಶೀಲ ಅನಿಲ. ಅಮೆರಿಕದವರು ಅದನ್ನು ಲೀಟರಿಗೆ ಇಷ್ಟು ಪಿಕೊಕ್ಯೂರಿ ಎಂದು ಲೆಕ್ಕ ಹಾಕುತ್ತಾರೆ. ನಾಲ್ಕು ಪಿಕೊಕ್ಯೂರಿ ಮುಟ್ಟಿದರೆ ಮನೆಯನ್ನು ದುರಸ್ತಿ ಮಾಡಿಸಿ ಎನ್ನುವುದು ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ ಆಮೇಲೆ ಗೊತ್ತುಮಾಡಿದ ಮಟ್ಟ. ವಾಟ್ರಸ್ ಅವರ ಮನೆಯಲ್ಲಿ ಸಿಕ್ಕಿದ್ದು ಸುಮಾರು 2,700. ಹೆಂಡತಿ ಮಕ್ಕಳೊಂದಿಗೆ ತಕ್ಷಣ ಮನೆ ಬಿಡಿ ಎಂದು ಅಧಿಕಾರಿಗಳು ಹೇಳಿದರು. ಇಷ್ಟೂ ಅಲ್ಲಿನ ಮಣ್ಣು ಕಲ್ಲುಗಳಿಂದ ಎದ್ದು ಬಂದದ್ದು. ಅಣು ಸ್ಥಾವರಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಸ್ಥಾವರ ಮಾಡಿದ್ದು ಒಂದೇ ಕೆಲಸ, ಬಾಗಿಲಲ್ಲಿ ಯಂತ್ರ ಇಟ್ಟದ್ದು. ಆ ಯಂತ್ರ ಇಲ್ಲದಿದ್ದರೆ ಆ ಸಂಸಾರ ಅದೇ ಗಾಳಿಯನ್ನು ಇನ್ನೆಷ್ಟು ವರ್ಷ ಉಸಿರಾಡುತ್ತಿತ್ತೋ.

ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಕ್ಕಪಕ್ಕದ ಮನೆಗಳ ಸಂಗತಿ. ಊರು ಅದೇ, ಬೀದಿ ಅದೇ, ಕಲ್ಲಿನ ಪದರವೂ ಅದೇ. ಆದರೂ ನೆರೆಮನೆಯಲ್ಲಿ ಹೇಳಿಕೊಳ್ಳುವಂಥ ಪ್ರಮಾಣ ಇರಲಿಲ್ಲ. ರೇಡಾನ್ ವಿಷಯದಲ್ಲಿ ಪಕ್ಕದ ಮನೆಯ ಸಂಖ್ಯೆ ನಮಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ, ಭಯವನ್ನೂ ಕೊಡಬೇಕಾಗಿಲ್ಲ. ನಮ್ಮ ಮನೆಯನ್ನು ನಾವೇ ಅಳೆದು ನೋಡಬೇಕು.

ರೇಡಾನ್ ಎಲ್ಲಿಂದ ಬರುತ್ತದೆ? ಭೂಮಿಯ ಕಲ್ಲು ಮಣ್ಣಿನಲ್ಲೆಲ್ಲ ಅಷ್ಟಿಷ್ಟು ಯುರೇನಿಯಂ ಇದೆ. ಯುರೇನಿಯಂ ಪರಮಾಣು ತಾನಾಗಿ ಒಡೆಯುತ್ತದೆ, ಆದರೆ ಮಹಾ ನಿಧಾನವಾಗಿ. ಇರುವುದರಲ್ಲಿ ಅರ್ಧದಷ್ಟು ಒಡೆಯಲು ಸುಮಾರು 450 ಕೋಟಿ ವರ್ಷ ಬೇಕು. ಒಡೆದದ್ದು ಇನ್ನೊಂದು ಧಾತುವಾಗುತ್ತದೆ, ಅದು ಒಡೆದು ಮತ್ತೊಂದು, ಹೀಗೆ ಸಾಗಿ ರೇಡಿಯಂ ಹುಟ್ಟುತ್ತದೆ. ರೇಡಿಯಂ ಒಡೆದಾಗ ಹುಟ್ಟುವುದೇ ರೇಡಾನ್. ಈ ಸಾಲಿನಲ್ಲಿ ಅದರ ಹಿಂದಿನವೂ ಮುಂದಿನವೂ ಎಲ್ಲ ಘನ ವಸ್ತುಗಳು. ಹುಟ್ಟಿದ ಕಲ್ಲಿನಲ್ಲೇ ಕೂತಿರುತ್ತವೆ. ರೇಡಾನ್ ಒಂದೇ ಅನಿಲ. ಯಾವುದರ ಜೊತೆಗೂ ಬೆರೆಯದ ಜಡ ಅನಿಲವಾದ್ದರಿಂದ ಅದನ್ನು ಹಿಡಿದು ನಿಲ್ಲಿಸುವವರಿಲ್ಲ. ಮಣ್ಣಿನ ಕಣಗಳ ನಡುವೆ ನುಸುಳಿಕೊಂಡು ಮೇಲೇರುತ್ತದೆ.

ಮೇಲೆ ಬರಲು ಅದಕ್ಕೆ ಸಮಯವೂ ಇದೆ. ರೇಡಾನಿನ ಅರ್ಧಾಯು 3.8 ದಿನ. ಥೋರಿಯಂ ವಂಶದಲ್ಲಿ ಹುಟ್ಟುವ ಅದರ ದಾಯಾದಿಯೊಂದಿದೆ, ಹೆಸರು ಥೋರಾನ್. ಅದರ ಅರ್ಧಾಯು ಬರೀ 55 ಸೆಕೆಂಡು. ಅದರಲ್ಲಿ ಬಹುಪಾಲು ಮಣ್ಣಿನಿಂದ ಹೊರಗೆ ಬರುವ ಮೊದಲೇ ಮುಗಿದುಹೋಗುತ್ತದೆ. ರೇಡಾನಿಗೆ ಮೂರು ನಾಲ್ಕು ದಿನ ಸಿಗುವುದರಿಂದ ಅಡಿಪಾಯದ ಬಿರುಕು ಹುಡುಕಿಕೊಂಡು ಒಳಗೆ ಬರುವಷ್ಟು ಪ್ರಯಾಣ ಮಾಡಬಲ್ಲದು. ಬಯಲಿನಲ್ಲಿ ಹೊರಬಂದದ್ದು ಗಾಳಿಯಲ್ಲಿ ಹರಡಿ ತೆಳುವಾಗಿಬಿಡುತ್ತದೆ, ಅದರಿಂದ ತೊಂದರೆಯಿಲ್ಲ. ಮನೆಯ ಕೆಳಗೆ ಹೊರಬಂದದ್ದು ಮನೆಯೊಳಗೇ ಸೇರಿಕೊಳ್ಳುತ್ತದೆ.

ಚಳಿದೇಶದ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಹೊರಗೆ ಹಿಮ, ಒಳಗೆ ಹೀಟರ್. ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಅದರಿಂದ ಕೆಳಗಿನ ಅಂತಸ್ತಿನಲ್ಲಿ ಒತ್ತಡ ಸ್ವಲ್ಪ ಇಳಿಯುತ್ತದೆ. ಎಳನೀರಿಗೆ ಕೊಳವೆ ಹಾಕಿ ನಾವು ಹೀರುವ ಹಾಗೆ ಮನೆ ನೆಲದಡಿಯ ಗಾಳಿಯನ್ನು ಹೀರತೊಡಗುತ್ತದೆ. ಕಾಂಕ್ರೀಟಿನ ಕೂದಲೆಳೆ ಬಿರುಕು, ಗೋಡೆ ಮತ್ತು ನೆಲ ಕೂಡುವ ಅಂಚು, ಪೈಪು ಒಳಗೆ ಬಂದ ತೂತು, ನೀರು ಬಸಿಯಲೆಂದು ಬೇಸ್‌ಮೆಂಟಿನಲ್ಲಿ ತೋಡಿದ ಗುಂಡಿ, ಎಲ್ಲವೂ ಅದಕ್ಕೆ ದಾರಿ. ಚಳಿಗಾಲದಲ್ಲಿ ಕಿಟಕಿಯನ್ನಂತೂ ಯಾರೂ ತೆಗೆಯುವುದಿಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ, ಬೇಸರಪಡಬೇಡಿ. ಅಮೆರಿಕ ಬಿಟ್ಟು ಹೆಚ್ಚಿನ ದೇಶಗಳು ರೇಡಾನನ್ನು ಬೆಕೆರೆಲ್ ಎಂಬ ಮಾನದಲ್ಲಿ ಅಳೆಯುತ್ತವೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಅಮೆರಿಕದ ಲೆಕ್ಕದಲ್ಲಿ ಲೀಟರಿಗೆ ಒಂದು ಪಿಕೊಕ್ಯೂರಿ ಎಂದರೆ ಘನ ಮೀಟರಿಗೆ 37 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಘನ ಮೀಟರಿಗೆ 100 ಬೆಕೆರೆಲ್ ಮೀರದಂತೆ ನೋಡಿಕೊಳ್ಳಿ, ಅದು ಆಗದಿದ್ದರೆ 300ನ್ನಂತೂ ದಾಟಬೇಡಿ ಎಂದು ದೇಶಗಳಿಗೆ ಹೇಳಿತು. ಆ 100 ಬೆಕೆರೆಲ್‌ಗೆ ಒಂದು ಘನ ಮೀಟರ್ ಗಾಳಿಯಲ್ಲಿ ಬೇಕಾಗುವ ರೇಡಾನ್ ಪರಮಾಣುಗಳು ಐದು ಕೋಟಿಗೂ ಕಡಿಮೆ. ಐದು ಕೋಟಿ ದೊಡ್ಡ ಸಂಖ್ಯೆ ಅನ್ನಿಸಬಹುದು. ಅದೇ ಒಂದು ಘನ ಮೀಟರಿನಲ್ಲಿ ಇರುವ ಗಾಳಿಯ ಅಣುಗಳನ್ನು ಬರೆಯಲು 25ರ ಮುಂದೆ 24 ಸೊನ್ನೆ ಹಾಕಬೇಕು. ಇಷ್ಟು ಅಲ್ಪವಾದದ್ದು ಮೂಗಿಗೆ ಬಡಿಯುವುದುಂಟೆ? ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಲೆ ಸುತ್ತುವುದಿಲ್ಲ, ಕೆಮ್ಮು ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ.

ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳ ತುಂಬಿಡುವ ಹಗೇವುಗಳಿದ್ದವು. ಬಹಳ ದಿನ ಮುಚ್ಚಿದ್ದ ಹಗೇವಿಗೆ ಇಳಿಯುವ ಮುಂಚೆ ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಇಳಿಯಬಾರದು. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಕಾಳಿನಿಂದ ಹೊರಟ ಇಂಗಾಲದ ಡೈಆಕ್ಸೈಡಿಗೆ ಮಾತ್ರ. ರೇಡಾನ್ ಎಷ್ಟಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಅನುಭವದಿಂದ ಕಲಿತ ಯಾವ ಉಪಾಯವೂ ಇದರ ಮುಂದೆ ನಡೆಯುವುದಿಲ್ಲ.

ಹಾಗಿದ್ದರೆ ಇಷ್ಟು ಅಲ್ಪವಾದ ಅನಿಲ ಕೆಡುಕು ಮಾಡುವುದು ಹೇಗೆ? ಅನಿಲ ಸ್ವತಃ ಹೆಚ್ಚು ಕೆಡುಕು ಮಾಡುವುದಿಲ್ಲ. ಉಸಿರಿನೊಂದಿಗೆ ಒಳಗೆ ಹೋದದ್ದು ಬಹುಮಟ್ಟಿಗೆ ಉಸಿರಿನೊಂದಿಗೇ ಹೊರಗೆ ಬರುತ್ತದೆ. ಕೆಡುಕು ಅದರ ಸಂತಾನದ್ದು. ರೇಡಾನ್ ಒಡೆದಾಗ ಪೊಲೋನಿಯಂ ಹುಟ್ಟುತ್ತದೆ, ಅದು ಒಡೆದು ಸೀಸ, ಆಮೇಲೆ ಬಿಸ್ಮತ್, ಮತ್ತೆ ಇನ್ನೊಂದು ಬಗೆಯ ಪೊಲೋನಿಯಂ. ಇವೆಲ್ಲ ಲೋಹಗಳು. ಗಾಳಿಯ ಧೂಳಿಗೆ, ಹೊಗೆಯ ಕಣಕ್ಕೆ ಅಂಟಿಕೊಳ್ಳುತ್ತವೆ. ವಾಟ್ರಸ್ ಅವರ ಬಟ್ಟೆಯ ಮೇಲೆ ಯಂತ್ರ ಕಂಡದ್ದೂ ಇವನ್ನೇ. ಉಸಿರಿನಲ್ಲಿ ಒಳಗೆ ಹೋದಾಗ ಶ್ವಾಸನಾಳದ ಒಳಪದರಕ್ಕೆ ಅಂಟುತ್ತವೆ. ಈ ಎರಡು ಪೊಲೋನಿಯಂಗಳೂ ಅಲ್ಪಾಯುಗಳು. ಮೊದಲನೆಯದರ ಅರ್ಧಾಯು ಮೂರು ನಿಮಿಷ, ಎರಡನೆಯದರದ್ದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ದೇಹ ಕಫದ ಜೊತೆ ಅವನ್ನು ಹೊರಹಾಕುವುದಕ್ಕೆ ಮುಂಚೆಯೇ ಒಡೆದು ಆಲ್ಫಾ ಕಣಗಳನ್ನು ಹಾರಿಸಿಬಿಡುತ್ತವೆ.

ಆಲ್ಫಾ ಕಣದ ಸ್ವಭಾವ ವಿಚಿತ್ರ. ಒಂದು ಹಾಳೆ ಕಾಗದ ಅದನ್ನು ತಡೆಯುತ್ತದೆ. ನಮ್ಮ ಚರ್ಮದ ಮೇಲ್ಪದರದಲ್ಲಿರುವ ಸತ್ತ ಕೋಶಗಳೂ ತಡೆಯುತ್ತವೆ. ಹೊರಗಿನಿಂದ ಬಿದ್ದರೆ ಚಿಂತೆಯಿಲ್ಲ. ಆದರೆ ಶ್ವಾಸನಾಳದ ಒಳಗೆ ಅಂಥ ಸತ್ತ ಪದರ ಇಲ್ಲ. ಅಲ್ಲಿರುವುದು ಜೀವಂತ ಕೋಶಗಳು. ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಕ್ರಮಿಸದೆ ಆ ಕಣ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಸುರಿಯುತ್ತದೆ, ಸಿಕ್ಕಿದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ದೇಹ ಹೆಚ್ಚಿನದನ್ನು ಸರಿಪಡಿಸಿಕೊಳ್ಳುತ್ತದೆ. ಒಂದೊಂದು ಸಲ ತಪ್ಪಿಹೋಗುತ್ತದೆ. ವರ್ಷಗಟ್ಟಲೆ ನಡೆದರೆ ಆ ತಪ್ಪಿದ ಒಂದು ಕೋಶ ಕ್ಯಾನ್ಸರಿಗೆ ಬೀಜವಾಗಬಹುದು.

ಇದನ್ನು ಮೊದಲು ಅನುಭವಿಸಿದವರು ಗಣಿ ಕಾರ್ಮಿಕರು. ಇಂದಿನ ಜರ್ಮನಿ ಮತ್ತು ಚೆಕ್ ದೇಶಗಳ ಗಡಿಯ ಬೆಟ್ಟಗಳಲ್ಲಿ ಷ್ನೀಬರ್ಗ್, ಯಾಕಿಮೊವ್ ಎಂಬ ಊರುಗಳಿವೆ. ನೂರಾರು ವರ್ಷ ಅಲ್ಲಿ ಬೆಳ್ಳಿ ಅಗೆದರು. ಅಗೆದವರು ಎಳೆ ವಯಸ್ಸಿನಲ್ಲೇ ಎದೆಯ ಕಾಯಿಲೆಯಿಂದ ಸಾಯುತ್ತಿದ್ದರು. ಆ ಸೀಮೆಯಲ್ಲಿ ವೈದ್ಯನಾಗಿದ್ದ ಅಗ್ರಿಕೋಲ ಗಣಿಗಾರಿಕೆಯ ಬಗ್ಗೆ ಬರೆದ ದೊಡ್ಡ ಗ್ರಂಥ 1556ರಲ್ಲಿ ಅಚ್ಚಾಯಿತು. ಕಾರ್ಪೇಥಿಯನ್ ಬೆಟ್ಟಗಳ ಗಣಿಗಳ ಕಡೆ ಒಬ್ಬರ ಮೇಲೊಬ್ಬರಂತೆ ಏಳು ಗಂಡಂದಿರನ್ನು ಮದುವೆಯಾಗಿ ಕಳೆದುಕೊಂಡ ಹೆಂಗಸರಿದ್ದಾರೆ ಎಂದು ಆತ ಅದರಲ್ಲಿ ದಾಖಲಿಸಿದ್ದಾನೆ. ಏಳೂ ಸಾವುಗಳನ್ನು ರೇಡಾನಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಗಣಿಯ ಧೂಳಿನ ಪಾಲೂ ಇದ್ದೇ ಇರುತ್ತದೆ. 1879ರಲ್ಲಿ ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು ಷ್ನೀಬರ್ಗಿನ ಕಾರ್ಮಿಕರ ಶವಗಳನ್ನು ಪರೀಕ್ಷಿಸಿ ಅವರಿಗೆ ಬರುತ್ತಿದ್ದುದು ಶ್ವಾಸಕೋಶದ ಗೆಡ್ಡೆ ಎಂದು ತೋರಿಸಿದರು. ಆಗ ರೇಡಾನ್ ಎಂಬುದೊಂದು ಇದೆಯೆಂದೇ ಜಗತ್ತಿಗೆ ಗೊತ್ತಿರಲಿಲ್ಲ. ಅದು ತಿಳಿದದ್ದು ಮುಂದಿನ ಶತಮಾನ ಹುಟ್ಟುವ ಹೊತ್ತಿಗೆ. 1900ರಲ್ಲಿ ಜರ್ಮನಿಯ ಡಾರ್ನ್ ರೇಡಿಯಂನಿಂದ ಏನೋ ಹೊರಡುತ್ತದೆ ಎಂದು ಕಂಡ. ಮರುವರ್ಷ ಕೆನಡಾದಲ್ಲಿ ರುದರ್‌ಫೋರ್ಡ್ ಮತ್ತು ಆತನ ವಿದ್ಯಾರ್ಥಿನಿ ಹ್ಯಾರಿಯೆಟ್ ಬ್ರೂಕ್ಸ್ ಅದು ಭಾರವಾದ ಒಂದು ಅನಿಲ ಎಂದು ತೋರಿಸಿದರು. ಬ್ರೂಕ್ಸ್ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದೇ ಇಲ್ಲ, ಕಾಣಬೇಕಿತ್ತು.

ಮೇರಿ ಕ್ಯೂರಿ ರೇಡಿಯಂ ತೆಗೆದ ಅದಿರು ಬಂದದ್ದೂ ಯಾಕಿಮೊವ್‌ನಿಂದಲೇ. ಕಾರ್ಮಿಕರು ಸಾಯುತ್ತಿದ್ದ ಆ ಊರಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ರೇಡಾನ್ ನೀರಿನ ಸ್ನಾನಗೃಹಗಳು ತೆರೆದವು. ಕೀಲುನೋವಿನವರು ಇವತ್ತಿಗೂ ದುಡ್ಡು ಕೊಟ್ಟು ಅಲ್ಲಿಗೆ ಹೋಗುತ್ತಾರೆ. ಮನುಷ್ಯನ ನಂಬಿಕೆಗೆ ನಾನೇನೂ ಹೇಳಲಾರೆ.

ಗಣಿಯಲ್ಲಿ ಪ್ರಮಾಣ ಬಹಳ, ಮನೆಯಲ್ಲಿ ಕಡಿಮೆ, ಹಾಗಾಗಿ ಹೆದರಬೇಕಿಲ್ಲ ಎಂದು ಕೆಲವರು ವಾದಿಸುತ್ತಿದ್ದರು. ಅದಕ್ಕೆ ಉತ್ತರ ಸಿಕ್ಕಿದ್ದು 2005ರಲ್ಲಿ. ಯೂರೋಪಿನ ಒಂಬತ್ತು ದೇಶಗಳ 13 ಅಧ್ಯಯನಗಳನ್ನು ಒಟ್ಟುಗೂಡಿಸಿ, ಶ್ವಾಸಕೋಶದ ಕ್ಯಾನ್ಸರ್ ಬಂದ ಏಳು ಸಾವಿರಕ್ಕೂ ಹೆಚ್ಚು ಜನರನ್ನೂ ಬಾರದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನೂ ಹೋಲಿಸಿ ನೋಡಿದರು. ಅವರು ವಾಸವಿದ್ದ ಮನೆಗಳ ರೇಡಾನ್ ಅಳೆದಿದ್ದರು. ಪ್ರತಿ 100 ಬೆಕೆರೆಲ್ ಹೆಚ್ಚಿದಂತೆ ಅಪಾಯ ಸುಮಾರು ನೂರಕ್ಕೆ 16ರಷ್ಟು ಏರುತ್ತದೆ ಎಂದು ತಿಳಿಯಿತು. ಇಲ್ಲಿಂದ ಕೆಳಗೆ ಅಪಾಯವೇ ಇಲ್ಲ ಎನ್ನುವ ಗೆರೆಯೊಂದು ಅವರಿಗೆ ಕಾಣಲಿಲ್ಲ.

ಈ ಶೇಕಡಾ ಲೆಕ್ಕವನ್ನು ಹಾಗೇ ಬಿಟ್ಟರೆ ಜನ ಸುಮ್ಮನೆ ಗಾಬರಿಯಾಗುತ್ತಾರೆ. ಅದೇ ಅಧ್ಯಯನದ ಇನ್ನೊಂದು ಲೆಕ್ಕ ಕೇಳಿ. ಎಂದೂ ಬೀಡಿ ಸಿಗರೇಟು ಸೇದದವರು ರೇಡಾನ್ ಇಲ್ಲದ ಮನೆಯಲ್ಲಿ ಬಾಳಿದರೆ, 75 ವರ್ಷದೊಳಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರು ಸಾವಿರಕ್ಕೆ ನಾಲ್ಕು ಜನ. 400 ಬೆಕೆರೆಲ್ ಇರುವ ಮನೆಯಲ್ಲಿ ಬಾಳಿದರೆ ಸಾವಿರಕ್ಕೆ ಏಳು. ಸೇದುವವರಿಗೆ ಮೊದಲ ಮನೆಯಲ್ಲೇ ಸಾವಿರಕ್ಕೆ ನೂರು, ಎರಡನೆಯದರಲ್ಲಿ 160. ಧೂಮಪಾನವೂ ರೇಡಾನೂ ಒಂದಕ್ಕೊಂದು ಕೈಜೋಡಿಸುತ್ತವೆ. ಸೇದುತ್ತ ಕೂತು ರೇಡಾನ್ ಬಗ್ಗೆ ಚಿಂತಿಸುವವರಿಗೆ ನನ್ನ ಸಲಹೆ, ಮೊದಲು ಸಿಗರೇಟು ಬಿಡಿ, ಅಳೆಯುವ ಡಬ್ಬಿ ಆಮೇಲೆ ತರಿಸೋಣ. ಸೇದದವರ ಪಾಲಿಗೆ ಅಪಾಯ ಚಿಕ್ಕದೇ. ಆದರೆ ಕೋಟಿಗಟ್ಟಲೆ ಮನೆಗಳಿಗೆ ಗುಣಿಸಿದರೆ ಚಿಕ್ಕದಾಗಿ ಉಳಿಯುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ದೇಶದಲ್ಲಿ ರೇಡಾನಿನಿಂದ ವರ್ಷಕ್ಕೆ ಸುಮಾರು 21,000 ಶ್ವಾಸಕೋಶ ಕ್ಯಾನ್ಸರ್ ಸಾವುಗಳು ಆಗುತ್ತವೆ ಎಂದು ಅಂದಾಜು ಮಾಡಿದೆ. ಅದರಲ್ಲಿ ಸುಮಾರು 2,900 ಜನ ಜೀವಮಾನದಲ್ಲಿ ಸಿಗರೇಟು ಮುಟ್ಟದವರು.

ಕರ್ನಾಟಕದ ಮಾತು ಬರಲೇಬೇಕು. ನಮ್ಮದು ಕಲ್ಲಿನ ನಾಡು. ಬಳ್ಳಾರಿ ಕಡೆಯಿಂದ ತುಮಕೂರು, ರಾಮನಗರದತ್ತ ಇಳಿಯುವ ಗ್ರಾನೈಟ್ ಪಟ್ಟಿಗೆ ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಭೂವಿಜ್ಞಾನಿಗಳು ಇಟ್ಟಿದ್ದಾರೆ. ಗ್ರಾನೈಟಿನಲ್ಲಿ ಯುರೇನಿಯಂ ಬೇರೆ ಹಲವು ಕಲ್ಲುಗಳಿಗಿಂತ ಸ್ವಲ್ಪ ಹೆಚ್ಚು. ಮೈಸೂರು, ಬೆಂಗಳೂರುಗಳ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಸುತ್ತಿನ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಮುಂಬೈಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಇದಕ್ಕೆಂದೇ ಸಣ್ಣ ರಂಧ್ರಗಳಿರುವ ಡಬ್ಬಿಯೊಂದನ್ನು ರೂಪಿಸಿದೆ. ಒಳಗೆ ಕೆಂಪು ಬಣ್ಣದ ಒಂದು ಫಿಲ್ಮ್ ಇರುತ್ತದೆ. ಆಲ್ಫಾ ಕಣ ಬಡಿದಲ್ಲೆಲ್ಲ ಅದರ ಮೇಲೆ ಕಣ್ಣಿಗೆ ಕಾಣದ ಗಾಯ. ಕೆಲವು ತಿಂಗಳು ಗೋಡೆಗೆ ತೂಗುಹಾಕಿ, ತೆಗೆದು, ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಗಾಯಗಳು ತೂತುಗಳಾಗಿ ಅರಳುತ್ತವೆ. ಅವನ್ನು ಎಣಿಸುತ್ತಾರೆ. ಇಂಥ ಅಳತೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಎರಡು ಸಂಗತಿ: ಗಾಳಿಯಾಡದ ಕೋಣೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಹೆಚ್ಚು.

ನಮ್ಮ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇಲ್ಲ. ವರ್ಷದ ಹೆಚ್ಚು ಕಾಲ ಕಿಟಕಿ ಬಾಗಿಲು ತೆರೆದೇ ಇರುತ್ತವೆ. ಅದೇ ನಮಗೆ ದೊಡ್ಡ ರಕ್ಷಣೆ. ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಇರುವವರಿಗೆ ನೆಲದ ರೇಡಾನ್ ದೂರದ ಮಾತು. ಹಾಗಾದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆ? 2008ರಲ್ಲಿ ಅಮೆರಿಕದಲ್ಲಿ ಈ ಬಗ್ಗೆ ದೊಡ್ಡ ಗುಲ್ಲೆದ್ದಿತ್ತು. ಎರಡು ಸೆಂಟಿಮೀಟರ್ ದಪ್ಪದ ಹಾಸುಗಲ್ಲಿನಿಂದ ಹೊರಡುವುದು, ಮನೆಯಡಿಯ ಮಣ್ಣಿನಿಂದ ಬರುವುದರ ಮುಂದೆ ಸಾಮಾನ್ಯವಾಗಿ ಲೆಕ್ಕಕ್ಕೇ ಬಾರದು. ಕಟ್ಟೆಯನ್ನು ಕೀಳಿಸಬೇಡಿ. ಕೊಳವೆ ಬಾವಿಯ ನೀರಿನ ವಿಷಯ ಸ್ವಲ್ಪ ಬೇರೆ. ಬೆಂಗಳೂರಿನ ಕೆಲವು ಭಾಗಗಳ ಅಂತರ್ಜಲದಲ್ಲಿ ರೇಡಾನ್ ಇರುವುದನ್ನು ಭೂವಿಜ್ಞಾನಿಗಳು ವರದಿ ಮಾಡಿದ್ದಾರೆ. ಬಂಡೆಯ ಬಿರುಕಿನಲ್ಲಿ ನಿಂತ ನೀರು ಅದನ್ನು ಕರಗಿಸಿಕೊಂಡಿರುತ್ತದೆ. ಆದರೆ ನೀರು ತೊಟ್ಟಿಗೆ ಧುಮುಕುವಾಗ, ಕುದಿಯುವಾಗ ಅನಿಲ ಹೊರಗೆ ಹೋಗುತ್ತದೆ. ತುಂಬಿಟ್ಟ ನೀರಿನಲ್ಲಿ ನಾಲ್ಕು ದಿನಕ್ಕೆ ಅರ್ಧ ತಾನಾಗಿಯೇ ಒಡೆದು ಮುಗಿಯುತ್ತದೆ. ನೇರ ಬೋರ್‌ವೆಲ್ ನೀರಿನಲ್ಲಿ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಬಿಸಿ ಶವರ್ ಹಿಡಿಯುವವರು ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಂಡರೆ ಒಳ್ಳೆಯದು. ಅಳೆಯುವುದಾದರೆ ನಾನು ಮೊದಲು ಹುಡುಕುವುದು ನಗರಗಳ ಹೊಸ ಕಟ್ಟಡಗಳ ಬೇಸ್‌ಮೆಂಟುಗಳನ್ನು. ಅಲ್ಲಿ ಜಿಮ್ ಇದೆ, ಅಂಗಡಿ ಇದೆ, ಎಸಿ ಹಾಕಿ ಬಾಗಿಲು ಮುಚ್ಚಿ ದಿನಕ್ಕೆ ಹತ್ತು ಗಂಟೆ ಕೂರುವ ನೌಕರರಿದ್ದಾರೆ.

ಆದರೆ ಕನ್ನಡಿಗರಿಗೆ ರೇಡಾನ್ ನಿಜವಾಗಿ ಎದುರಾಗುವುದು ಹೊರದೇಶದಲ್ಲಿ. ವಾಟ್ರಸ್ ಮನೆಯ ಕೆಳಗಿದ್ದ ಕಲ್ಲಿನ ಪಟ್ಟಿ ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನಿಂದ ಹೊರಟು ನ್ಯೂಜೆರ್ಸಿಯ ಉತ್ತರ ಭಾಗವನ್ನು ಹಾದು ನ್ಯೂಯಾರ್ಕ್ ಕಡೆಗೆ ಸಾಗುತ್ತದೆ. ಅಯೋವಾ ರಾಜ್ಯವಿಡೀ ರೇಡಾನ್ ಹೆಚ್ಚಿರುವ ವಲಯ. ಒಹಾಯೊ, ಇಲಿನಾಯ್, ಮಿನೆಸೋಟಗಳ ಬಹಳಷ್ಟು ಜಿಲ್ಲೆಗಳೂ ಹಾಗೇ. ನಮ್ಮ ಮಕ್ಕಳು ಕೆಲಸಕ್ಕೆಂದು ಹೋಗಿ ಮನೆ ಕೊಂಡಿರುವ ಜಾಗಗಳೇ ಇವು. ಅಲ್ಲಿನ ಮನೆಯಲ್ಲಿ ಬೇಸ್‌ಮೆಂಟ್ ಎಂದರೆ ಸಾಮಾನು ತುಂಬುವ ಕತ್ತಲೆ ಕೋಣೆಯಲ್ಲ. ಮಕ್ಕಳ ಆಟ ಅಲ್ಲೇ, ಸಂಗೀತ ಪಾಠ, ಭರತನಾಟ್ಯದ ಅಭ್ಯಾಸ ಅಲ್ಲೇ, ಗಣೇಶನ ಹಬ್ಬಕ್ಕೆ ಕನ್ನಡ ಕೂಟದವರು ಸೇರಿದರೆ ಊಟದ ಸಾಲೂ ಅಲ್ಲೇ. ಊರಿಂದ ಹೋದ ಅಪ್ಪ ಅಮ್ಮನಿಗೆ ಎಷ್ಟೋ ಕಡೆ ಹಾಸಿಗೆಯೂ ಅಲ್ಲೇ. ಆರು ತಿಂಗಳು, ಅದೂ ಕಿಟಕಿ ಮುಚ್ಚಿದ ಚಳಿಗಾಲದಲ್ಲಿ.

ಅಮೆರಿಕದಲ್ಲಿ ಮನೆ ಕೊಳ್ಳುವ ಮುಂಚೆ ತಪಾಸಣೆ ಮಾಡಿಸುತ್ತಾರಲ್ಲ, ಆಗ ರೇಡಾನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಬಹುದು. ಹೆಚ್ಚು ಬಂದರೆ ಮಾರುವವರಿಂದಲೇ ಸರಿಪಡಿಸಿಕೊಡಿ ಎಂದು ಚೌಕಾಸಿ ಮಾಡಬಹುದು. ಮನೆ ಕೊಂಡು ಹತ್ತು ವರ್ಷವಾಗಿದ್ದರೂ ತಡವಾಗಿಲ್ಲ. ಅಂಗಡಿಯಲ್ಲಿ ಇದ್ದಿಲು ತುಂಬಿದ ಚಿಕ್ಕ ಡಬ್ಬಿ ಸಿಗುತ್ತದೆ. ಜನ ಹೆಚ್ಚು ಓಡಾಡುವ, ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ನೆಲದಿಂದ ಮೊಳಕ್ಕಿಂತ ಹೆಚ್ಚು ಎತ್ತರದಲ್ಲಿ ಅದನ್ನು ತೆರೆದಿಡಬೇಕು. ಅಡುಗೆಮನೆ, ಬಚ್ಚಲು, ಕಿಟಕಿ, ಹೀಟರಿನ ಹತ್ತಿರ ಬೇಡ. ಇಡುವ ಹನ್ನೆರಡು ಗಂಟೆ ಮುಂಚಿನಿಂದ, ಪರೀಕ್ಷೆ ನಡೆಯುವ ಎರಡರಿಂದ ನಾಲ್ಕು ದಿನವೂ ಕಿಟಕಿ ಮುಚ್ಚಿರಬೇಕು. ಬಾಗಿಲಲ್ಲಿ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ, ತೆರೆದಿಡಬಾರದು ಅಷ್ಟೆ.

ನಮ್ಮವರ ಮನೆಯಲ್ಲಿ ಕಷ್ಟ ಶುರುವಾಗುವುದೇ ಇಲ್ಲಿ. ನನ್ನ ಸ್ನೇಹಿತರೊಬ್ಬರ ಮಗಳು ಒಹಾಯೊದಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದ ಅವಳ ತಾಯಿಗೆ ಮೈಸೂರಿನ ಅಭ್ಯಾಸ, ಎದ್ದ ಕೂಡಲೇ ಕಿಟಕಿ ತೆಗೆಯಬೇಕು.

"ಅಮ್ಮಾ, ಎರಡು ದಿನ ಕಿಟಕಿ ಮುಟ್ಟಬೇಡ. ಟೆಸ್ಟ್ ನಡೀತಿದೆ."

"ಬೆಳಗಾದ್ರೆ ಮನೆಗೆ ಗಾಳಿ ಬೆಳಕು ಬೇಡವೇನೇ? ಗಾಳಿ ಚೆನ್ನಾಗಿದೆಯಾ ಅಂತ ನೋಡೋಕೆ ಗಾಳಿ ಬಿಡಬಾರದಾ?"

ತಾಯಿಯ ಪ್ರಶ್ನೆ ತರ್ಕಬದ್ಧವಾಗಿಯೇ ಇದೆ. ಆದರೆ ಪರೀಕ್ಷೆ ಹಿಡಿಯಬೇಕಾದದ್ದು ಮನೆ ಮುಚ್ಚಿದ್ದಾಗಿನ ಸ್ಥಿತಿಯನ್ನು. ಕಿಟಕಿಯ ವಿಷಯದಲ್ಲಿ ಆಕೆ ಮಾತು ಕೇಳಿದರು. ಮಾರನೆಯ ದಿನ ಬೇಸ್‌ಮೆಂಟ್ ಗುಡಿಸಲು ಹೋದಾಗ ಡಬ್ಬಿಯೊಂದು ಬಾಯಿ ತೆರೆದು ಬಿದ್ದಿರುವುದು ಕಂಡಿತು. ಯಾರೋ ಮರೆತಿದ್ದಾರೆ ಎಂದುಕೊಂಡು ಮುಚ್ಚಳ ಹುಡುಕಿ, ಭದ್ರವಾಗಿ ಹಾಕಿ, ಒರೆಸಿ ಕಪಾಟಿನಲ್ಲಿಟ್ಟರು. ಪರೀಕ್ಷೆ ಮತ್ತೆ ಮೊದಲಿಂದ. ಡಬ್ಬಿಯ ಪಕ್ಕದಲ್ಲಿ ಕನ್ನಡದಲ್ಲೇ ಒಂದು ಚೀಟಿ ಬರೆದಿಡುವುದು ಜಾಣತನ.

ಅವಧಿ ಮುಗಿದೊಡನೆ ಡಬ್ಬಿಯನ್ನು ಮುಚ್ಚಿ ಅಂದೇ ಅಂಚೆಗೆ ಹಾಕಬೇಕು. ಒಳಗೆ ಹಿಡಿದ ರೇಡಾನ್ ನಾಲ್ಕು ದಿನಕ್ಕೆ ಅರ್ಧವಾಗುತ್ತದೆಂದು ಆಗಲೇ ಹೇಳಿದೆನಲ್ಲ. ಮೇಜಿನ ಮೇಲೆ ವಾರಗಟ್ಟಲೆ ಬಿಟ್ಟರೆ ಪ್ರಯೋಗಾಲಯಕ್ಕೆ ಅಳೆಯಲು ಉಳಿಯುವುದೇ ಕಡಿಮೆ. ರೇಡಾನ್ ದಿನದಿಂದ ದಿನಕ್ಕೆ, ಹಗಲಿಂದ ರಾತ್ರಿಗೆ ಏರಿಳಿಯುತ್ತದೆ. ಆದ್ದರಿಂದ ಎರಡು ದಿನದ ಫಲಿತಾಂಶ ಗಡಿಯ ಹತ್ತಿರ ಬಂದರೆ ಮೂರು ತಿಂಗಳಿಂದ ಒಂದು ವರ್ಷ ಇಡುವ ಫಿಲ್ಮ್ ಡಬ್ಬಿಯನ್ನು ಇಟ್ಟು ನೋಡುವುದು ಒಳ್ಳೆಯದು. ಈಚೆಗೆ ಅಂಕೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ಯಂತ್ರಗಳೂ ಬಂದಿವೆ. ಅನುಕೂಲವೇನೋ ಹೌದು. ಆದರೆ ಗಂಟೆಗೊಮ್ಮೆ ಅದನ್ನು ನೋಡಿ, ಮಳೆ ಬಂದ ರಾತ್ರಿ ಅಂಕೆ ಏರಿತೆಂದು ನಿದ್ದೆಗೆಡುವವರನ್ನು ನಾನು ಬಲ್ಲೆ. ಅದರಲ್ಲಿ ನೋಡಬೇಕಾದದ್ದು ದೀರ್ಘಾವಧಿಯ ಸರಾಸರಿ.

ಹೆಚ್ಚು ಬಂದರೆ ಮಾಡಬೇಕಾದ ಕೆಲಸ ಅಚ್ಚರಿಯಾಗುವಷ್ಟು ಸರಳ. ಬಿರುಕುಗಳನ್ನು ಮುಚ್ಚುವುದರಿಂದ ಮಾತ್ರ ಆಗದು, ಅನಿಲ ಇನ್ನೊಂದು ದಾರಿ ಹುಡುಕುತ್ತದೆ. ಬೇಸ್‌ಮೆಂಟಿನ ಕಾಂಕ್ರೀಟನ್ನು ಒಂದು ಕಡೆ ಕೊರೆದು, ಕೆಳಗಿನ ಜಲ್ಲಿಯ ಪದರಕ್ಕೆ ಪಿವಿಸಿ ಪೈಪು ಇಳಿಸಿ, ಅದನ್ನು ಛಾವಣಿಯ ಮೇಲಿನವರೆಗೆ ಒಯ್ಯುತ್ತಾರೆ. ನಡುವೆ ಒಂದು ಫ್ಯಾನ್, ಹಗಲೂ ರಾತ್ರಿ ತಿರುಗುವುದು. ಇಷ್ಟು ದಿನ ಮನೆ ನೆಲದಡಿಯ ಗಾಳಿಯನ್ನು ಎಳೆಯುತ್ತಿತ್ತಲ್ಲ, ಈಗ ಅದಕ್ಕಿಂತ ಜೋರಾಗಿ ಪೈಪು ಎಳೆದು ಆಕಾಶಕ್ಕೆ ಬಿಡುತ್ತದೆ. ಖರ್ಚು ಸಾಮಾನ್ಯವಾಗಿ ಒಂದೆರಡು ಸಾವಿರ ಡಾಲರ್. ಕೆಲವು ಮನೆಗಳಲ್ಲಿ ಪ್ರಮಾಣ ನೂರಕ್ಕೆ 99ರಷ್ಟು ಇಳಿದದ್ದೂ ಉಂಟು. ವಾಟ್ರಸ್ ಅವರ ಮನೆಯನ್ನೇ ಕೆಲವು ತಿಂಗಳಲ್ಲಿ ಸರಿಪಡಿಸಿದರು, ಸಂಸಾರ ಮರಳಿ ಅಲ್ಲಿಗೇ ಬಂದು ನೆಲೆಸಿತು. 2,700 ಇದ್ದ ಮನೆಯೇ ವಾಸಕ್ಕೆ ಬಂತೆಂದರೆ ಏಳು ಎಂಟು ಇದ್ದವರು ಮನೆ ಮಾರಿ ಓಡಬೇಕಾಗಿಲ್ಲ.

ಫ್ಯಾನ್ ಹಾಕಿಸಿದ ಮೇಲೆ ಮತ್ತೊಮ್ಮೆ ಅಳೆಯಬೇಕು, ಆಮೇಲೆ ಎರಡು ವರ್ಷಕ್ಕೊಮ್ಮೆ. ಈ ಫ್ಯಾನ್‌ಗಳು ಹೆಚ್ಚು ಸದ್ದು ಮಾಡುವುದಿಲ್ಲ, ಕೆಟ್ಟು ನಿಂತರೂ ಗೊತ್ತಾಗುವುದಿಲ್ಲ. ಅದಕ್ಕೆಂದು ಪೈಪಿನ ಮೇಲೆ ಬಣ್ಣದ ದ್ರವ ತುಂಬಿದ, ಇಂಗ್ಲಿಷಿನ ಯು ಅಕ್ಷರದ ಆಕಾರದ ಪುಟ್ಟ ಕೊಳವೆಯೊಂದನ್ನು ಅಂಟಿಸಿರುತ್ತಾರೆ. ದ್ರವ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ದರೆ ಫ್ಯಾನ್ ಎಳೆಯುತ್ತಿದೆ. ಎರಡೂ ಕಡೆ ಸಮನಾಗಿದ್ದರೆ ನಿಂತಿದೆ. ಮಗ, ಮಗಳು, ಅಳಿಯ, ಸೊಸೆ ಎಲ್ಲರೂ ಬೆಳಿಗ್ಗೆ ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಇದನ್ನು ನೋಡುವುದಿಲ್ಲ. ಊರಿಂದ ಹೋಗಿ ಐದಕ್ಕೇ ಎದ್ದು ಕೂರುವ ತಂದೆ ತಾಯಿಯರೇ ನೋಡಿ ಹೇಳಲಿ.